ಮಕ್ಕಳ ವಿಸ್ಮಯಕ್ಕೆ ಕನ್ನಡದ ಆಶ್ರಯ

ಮಕ್ಕಳು ಏನನ್ನು ನೋಡುತ್ತಾರೆ, ಏನನ್ನು ಓದುತ್ತಾರೆ, ಯಾವ ಕಥೆಯ ಮುಂದೆ ಹಸಿವನ್ನೂ ಮರೆತು ಕುಳಿತುಬಿಡುತ್ತಾರೆ ಎಂಬುದನ್ನು ಹಿರಿಯರಾದ ನಾವು ಬಹುಮಟ್ಟಿಗೆ ಮನೆಯ ಶಿಸ್ತಿಗೆ ಸಂಬಂಧಪಟ್ಟ ವಿಷಯವೆಂದೇ ಎಣಿಸಿದ್ದೇವೆ. ಅದು ಭಾಷೆಯ ಭವಿಷ್ಯಕ್ಕೂ ಒಂದು ಜನಾಂಗದ ಕಲ್ಪನಾಶಕ್ತಿಗೂ ಸಂಬಂಧಪಟ್ಟ ವಿಷಯವೆಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ. ಶಿಡ್ಲಘಟ್ಟದಲ್ಲಿ ಶಾಲೆ ಬಿಟ್ಟ ಹೊತ್ತಿನಲ್ಲಿ ನೂಲು ಬಿಚ್ಚುವ ಮನೆಗಳ ಓಣಿಯಲ್ಲಿ ನಡೆದುಹೋಗುವವರಿಗೆ ಬೆಂದ ಗೂಡಿನ ವಾಸನೆಯೂ ರಾಟೆಗಳ ಸದ್ದೂ ಹೇಗೆ ಪರಿಚಿತವೊ, ಒಳಗಿನ ಕೋಣೆಯ ದೂರದರ್ಶನದಿಂದ ಹಿಂದಿಯಲ್ಲಿಯೋ ತೆಲುಗಿನಲ್ಲಿಯೋ ಕೇಳಿಬರುವ ಒಂದು ನೀಲಿ ಬೆಕ್ಕಿನ ಮಾತೂ ಹಾಗೆಯೇ ಪರಿಚಿತ. ಆ ಬೆಕ್ಕಿನ ಹೆಸರು ಡೋರೆಮಾನ್. ಜಪಾನಿನ ಮಕ್ಕಳಿಗಾಗಿ ಹುಟ್ಟಿದ ಒಂದು ವೈಜ್ಞಾನಿಕ ಚಿತ್ರಕಥೆಯ ನಾಯಕನಾದ ಈ ಯಂತ್ರಮಾರ್ಜಾಲ ನಮ್ಮ ರೇಷ್ಮೆಯ ಊರಿನ ಮಕ್ಕಳಿಗೆ ನೆರೆಮನೆಯ ಗೆಳೆಯನಷ್ಟು ಹತ್ತಿರದವನಾಗಿರುವುದು ಸಂತೋಷದ ಸಂಗತಿಯೆಂದೇ ನಾನು ತಿಳಿಯುತ್ತೇನೆ. ಆದರೆ ಆ ಗೆಳೆಯ ಅವರೊಡನೆ ಅವರ ಶಾಲೆಯ ಭಾಷೆಯಾದ ಕನ್ನಡದಲ್ಲಿ ಮಾತನಾಡದೆ ಇರುವುದು ಚಿಂತೆಯ ಸಂಗತಿ. ಈ ಎರಡು ಭಾವಗಳನ್ನೂ ಓದುಗರ ಮುಂದಿಟ್ಟು, ಆಗಬೇಕಾದ ಕಾರ್ಯವೇನೆಂಬುದನ್ನು ಹೇಳುವುದು ಈ ಲೇಖನದ ಉದ್ದೇಶ.

ಡೋರೆಮಾನನ ಕರ್ತೃ ಹಿರೋಶಿ ಫುಜಿಮೊತೊ. ಜಪಾನಿನ ತೊಯಾಮಾ ಪ್ರಾಂತದ ತಕಾವೊಕಾ ಎಂಬ ಊರಿನಲ್ಲಿ 1933ರಲ್ಲಿ ಹುಟ್ಟಿದ ಈತ, ಬಾಲ್ಯದ ಗೆಳೆಯ ಮೊತೊವೊ ಅಬಿಕೊ ಎಂಬಾತನೊಡನೆ ಒಂದೇ ಕಾವ್ಯನಾಮದಲ್ಲಿ ದೀರ್ಘಕಾಲ ಚಿತ್ರಕಥೆಗಳನ್ನು ರಚಿಸಿದನು. ಲೋಕ ಇಂದು ಅವನನ್ನು ಫುಜಿಕೊ ಎಫ್. ಫುಜಿಯೊ ಎಂಬ ಹೆಸರಿನಿಂದ ಬಲ್ಲದು. 1969ರ ಡಿಸೆಂಬರಿನಲ್ಲಿ ಈ ಕಥೆ ಮೊದಲು ಬೆಳಕು ಕಂಡ ಬಗೆಯೇ ವಿಚಾರಯೋಗ್ಯವಾದದ್ದು. ಶೋಗಾಕುಕಾನ್ ಎಂಬ ಪ್ರಕಾಶನಸಂಸ್ಥೆ ಶಿಶುವಿಹಾರದ ಮಕ್ಕಳಿಗೊಂದು, ಒಂದನೆಯ ತರಗತಿಗೊಂದು, ಎರಡನೆಯದಕ್ಕೊಂದು ಎಂಬಂತೆ ವಯಸ್ಸಿಗೆ ತಕ್ಕ ಪತ್ರಿಕೆಗಳನ್ನು ಹೊರಡಿಸುತ್ತಿತ್ತು. ಅವುಗಳಲ್ಲಿ ಆರು ಪತ್ರಿಕೆಗಳಲ್ಲಿ ಏಕಕಾಲದಲ್ಲಿ ಡೋರೆಮಾನ್ ಆರಂಭವಾಯಿತು. ಕಥೆಯ ಉಪಕ್ರಮವನ್ನು ಕೂಡ ಕರ್ತೃ ಆಯಾ ಪತ್ರಿಕೆಗೆ ಬೇರೆಬೇರೆಯಾಗಿಯೇ ಬರೆದನು. ಐದು ವರ್ಷದ ಮಗುವಿನ ಗ್ರಹಣಶಕ್ತಿಯೇ ಬೇರೆ, ಹತ್ತು ವರ್ಷದ ಮಗುವಿನದೇ ಬೇರೆ ಎಂಬ ವಿವೇಕವನ್ನು ಮನರಂಜನೆಯ ವಿಷಯದಲ್ಲಿಯೂ ಬಿಡದೆ ಪಾಲಿಸಿದ ಪ್ರಕಾಶಕರು, ಅದಕ್ಕಾಗಿ ಒಂದೇ ತಿಂಗಳಿನಲ್ಲಿ ಹಲವು ಕಥೆಗಳನ್ನು ಹೊಸೆಯುವ ಶ್ರಮವನ್ನು ಹೊತ್ತ ಕಲಾವಿದ, ಇವರಿಬ್ಬರೂ ಕೂಡಿ ಮಕ್ಕಳನ್ನು ಎಷ್ಟು ಗೌರವದಿಂದ ಕಂಡರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಕಥೆಯ ಚೌಕಟ್ಟು ಸರಳವಾದದ್ದು. ಓದಿನಲ್ಲಿ ಹಿಂದೆ, ಆಟದಲ್ಲಿ ಇನ್ನೂ ಹಿಂದೆ, ಧೈರ್ಯದಲ್ಲಂತೂ ಎಲ್ಲರಿಗಿಂತ ಹಿಂದೆ ಇರುವ ನೊಬಿತಾ ಎಂಬ ಹುಡುಗನ ಮೇಜಿನ ಖಾನೆಯಿಂದ ಒಂದು ದಿನ ಇಪ್ಪತ್ತೆರಡನೆಯ ಶತಮಾನದ ಯಂತ್ರವೊಂದು ಹೊರಗೆ ಬರುತ್ತದೆ. ನೊಬಿತಾನ ಮುಂದಿನ ಪೀಳಿಗೆಯ ಕುಡಿಯೊಬ್ಬನು, ಪೂರ್ವಜನ ಬದುಕು ನೆಟ್ಟಗಾದರೆ ತನ್ನ ಮನೆತನದ ದಾರಿದ್ರ್ಯ ನೀಗೀತೆಂಬ ಆಸೆಯಿಂದ ಅದನ್ನು ಕಾಲಯಂತ್ರದಲ್ಲಿ ಕಳುಹಿಸಿರುತ್ತಾನೆ. ಬೆಕ್ಕಿನ ಆಕಾರದ ಆ ಯಂತ್ರ ಹುಟ್ಟುವುದು 2112ರ ಸೆಪ್ಟೆಂಬರ್ 3ರಂದು. ಇಲಿ ಕಿವಿಗಳನ್ನು ಕಡಿದುಹಾಕಿದ್ದರಿಂದ ಅದಕ್ಕೆ ಕಿವಿಯಿಲ್ಲ, ಇಲಿಯನ್ನು ಕಂಡರೆ ಪ್ರಾಣಭಯ. ಅದರ ಹೊಟ್ಟೆಯ ಮೇಲಿನ ಚೀಲದಿಂದ ಭವಿಷ್ಯದ ಉಪಕರಣಗಳು ಒಂದೊಂದಾಗಿ ಹೊರಬರುತ್ತವೆ: ತೆರೆದ ಕೂಡಲೆ ಬಯಸಿದ ಊರಿಗೆ ಕೊಂಡೊಯ್ಯುವ ಬಾಗಿಲು, ತಲೆಗೆ ಅಂಟಿಸಿಕೊಂಡು ಹಾರಬಲ್ಲ ಪುಟ್ಟ ಬಿದಿರಿನ ರೆಕ್ಕೆ, ಹೊದಿಸಿದ ವಸ್ತುವನ್ನು ಹಳತಾಗಿಯೊ ಹೊಸತಾಗಿಯೊ ಮಾಡುವ ಕಾಲದ ಬಟ್ಟೆ. ಇಷ್ಟೆಲ್ಲ ಅದ್ಭುತಗಳು ನಡೆಯುವುದಾದರೂ ಎಲ್ಲಿ? ಸಿಮೆಂಟು ಕೊಳವೆಗಳು ಬಿದ್ದಿರುವ ಒಂದು ಖಾಲಿ ನಿವೇಶನದಲ್ಲಿ, ಇಕ್ಕಟ್ಟಾದ ಬೀದಿಯಲ್ಲಿ, ಅಂಕಪಟ್ಟಿಯನ್ನು ಬಚ್ಚಿಡಲು ಜಾಗ ಸಿಗದ ಸಾಮಾನ್ಯ ಮನೆಯಲ್ಲಿ. ಶಿಡ್ಲಘಟ್ಟದ ಹುಡುಗನಿಗೆ ಇವುಗಳಲ್ಲಿ ಯಾವುದೂ ಅಪರಿಚಿತವಲ್ಲ. ಕಥೆ ಸಮುದ್ರಗಳನ್ನು ದಾಟಿ ಇಲ್ಲಿಗೆ ಬಂದು ನೆಲೆಸಿದುದರ ಗುಟ್ಟು ಬಹುಶಃ ಇದರಲ್ಲಿಯೇ ಇದೆ.

ಪುಸ್ತಕರೂಪದಲ್ಲಿ 45 ಸಂಪುಟಗಳಾಗಿ ಬೆಳೆದ ಈ ಕೃತಿ ಚಲಿಸುವ ಚಿತ್ರವಾಗಿ ಜನಮನ್ನಣೆ ಪಡೆದದ್ದು ಮಾತ್ರ ಮೊದಲ ಯತ್ನದಲ್ಲಿ ಅಲ್ಲ. 1973ರಲ್ಲಿ ಬಂದ ಮೊದಲ ಸರಣಿ ಆರು ತಿಂಗಳಲ್ಲಿ ನಿಂತುಹೋಯಿತು. 1979ರ ಏಪ್ರಿಲಿನಲ್ಲಿ ಮತ್ತೆ ಆರಂಭವಾದದ್ದು 2005ರ ವರೆಗೆ ಅಖಂಡವಾಗಿ ನಡೆದು, ಅದೇ ವರ್ಷ ಹೊಸ ಕಂಠಗಳೊಡನೆ ಹೊಸ ಸರಣಿಯಾಗಿ ಮುಂದುವರಿಯಿತು. 1996ರಲ್ಲಿ ಫುಜಿಮೊತೊ ತೀರಿಕೊಂಡ ಮರುವರ್ಷ, ಜಪಾನಿನ ಚಿತ್ರಕಥೆಯ ಪಿತಾಮಹನೆನಿಸಿದ ಒಸಾಮು ತೆಜುಕಾನ ಹೆಸರಿನ ಪ್ರಥಮ ಪುರಸ್ಕಾರ ಡೋರೆಮಾನ್‌ಗೆ ಸಂದಿತು. 2008ರಲ್ಲಿ ಜಪಾನಿನ ವಿದೇಶಾಂಗ ಸಚಿವಾಲಯ ಈ ಬೆಕ್ಕನ್ನು ತನ್ನ ಸಾಂಸ್ಕೃತಿಕ ರಾಯಭಾರಿಯೆಂದು ಘೋಷಿಸಿತು. ಮಕ್ಕಳ ಕಥೆಯೊಂದನ್ನು ಒಂದು ರಾಷ್ಟ್ರ ಇಷ್ಟು ಗಂಭೀರವಾಗಿ ಪರಿಗಣಿಸಿತೆಂಬುದನ್ನು ನಾವು ನೆನಪಿನಲ್ಲಿಡತಕ್ಕದ್ದು.

ಇಂತಹ ಕಥೆ ಮಕ್ಕಳನ್ನು ಸೋಮಾರಿಗಳನ್ನಾಗಿ ಮಾಡುತ್ತದೆ, ಕಷ್ಟ ಬಂದೊಡನೆ ಯಾರಾದರೂ ಚೀಲದಿಂದ ಪರಿಹಾರವನ್ನು ತೆಗೆದುಕೊಟ್ಟಾರೆಂದು ಕಾಯುವ ಸ್ವಭಾವವನ್ನು ಬೆಳೆಸುತ್ತದೆ ಎಂಬ ಆಕ್ಷೇಪವನ್ನು ತಾಯ್ತಂದೆಯರಿಂದಲೂ ಉಪಾಧ್ಯಾಯರಿಂದಲೂ ಕೇಳುತ್ತೇವೆ. ಆಕ್ಷೇಪಕರು ಒಂದು ಕಥೆಯನ್ನಾದರೂ ಮಗುವಿನ ಪಕ್ಕದಲ್ಲಿ ಕುಳಿತು ಕೊನೆಯ ವರೆಗೆ ನೋಡಲೆಂಬುದು ನನ್ನ ಪ್ರಾರ್ಥನೆ. ಪರೀಕ್ಷೆಯ ಹಿಂದಿನ ದಿನ ನೊಬಿತಾನಿಗೆ ಡೋರೆಮಾನ್ ಕೊಡುವ ಕಂಠಪಾಠದ ರೊಟ್ಟಿಯ ಪ್ರಸಂಗವನ್ನೇ ನೋಡಿ. ಆ ರೊಟ್ಟಿಯ ಹೋಳನ್ನು ಪುಸ್ತಕದ ಪುಟಕ್ಕೆ ಒತ್ತಿದರೆ ಅಕ್ಷರಗಳು ಅದರ ಮೇಲೆ ಮೂಡುತ್ತವೆ. ತಿಂದರೆ ಆ ಪುಟವೆಲ್ಲ ಬಾಯಿಪಾಠ. ಹುಡುಗ ಪುಟದ ಮೇಲೆ ಪುಟವನ್ನು ನುಂಗುತ್ತಾನೆ, ಹೊಟ್ಟೆ ಬಿರಿಯುವಂತೆ ತಿನ್ನುತ್ತಾನೆ, ಕಡೆಗೆ ಹೊಟ್ಟೆ ಕೆಟ್ಟು ತಿಂದದ್ದೆಲ್ಲ ಹೋಗುವಾಗ ಕಲಿತದ್ದೂ ಅದರೊಡನೆಯೇ ಹೊರಟುಹೋಗುತ್ತದೆ. ಜೀರ್ಣವಾಗದ ವಿದ್ಯೆಯನ್ನು ಪರೀಕ್ಷೆಯ ದಿನಕ್ಕಾಗಿ ಮಕ್ಕಳ ಬಾಯಿಗೆ ತುರುಕುವ ನಮ್ಮ ಶಿಕ್ಷಣಪದ್ಧತಿಯ ಮೇಲೆ ಇಷ್ಟು ಮೃದುವಾದ, ಇಷ್ಟು ನೇರವಾದ ವಿಮರ್ಶೆಯನ್ನು ಎಂಟು ವರ್ಷದ ಮಗುವಿಗೂ ತಿಳಿಯುವಂತೆ ಹೇಳಿದ ಬರವಣಿಗೆ ವಿರಳ. ಈ ಸರಣಿಯ ಕಥೆಗಳಲ್ಲಿ ಬಹುಪಾಲಿನ ಜಾಡೂ ಇದೇ: ಉಪಕರಣ ಅದ್ಭುತವಾದದ್ದು, ಅದನ್ನು ಹಿಡಿದ ಕೈಯಲ್ಲಿ ಸಂಯಮವಿಲ್ಲದಿದ್ದರೆ ಅದೇ ಆಪತ್ತಿನ ಮೂಲ. ಯಂತ್ರಗಳ ನಡುವೆ ಬಾಳಬೇಕಾದ ಪೀಳಿಗೆಗೆ ಇದಕ್ಕಿಂತ ಅವಶ್ಯಕವಾದ ಪಾಠ ಯಾವುದು?

1974ರಲ್ಲಿ ಪ್ರಕಟವಾದ ಬೀಳ್ಕೊಡುಗೆಯ ಕಥೆ ಇನ್ನೂ ಎತ್ತರದ್ದು. ಡೋರೆಮಾನ್ ತನ್ನ ಕಾಲಕ್ಕೆ ಹಿಂದಿರುಗಬೇಕಾಗಿದೆ. ತಾನಿಲ್ಲದೆ ಈ ಹುಡುಗ ಬಾಳಿಯಾನೆ ಎಂಬ ಚಿಂತೆ ಅದನ್ನು ಬಾಧಿಸುತ್ತಿದೆ. ಆ ರಾತ್ರಿ ಬೀದಿಯಲ್ಲಿ ಪುಂಡ ಜಿಯಾನ್ ಎದುರಾದಾಗ ನೊಬಿತಾ ಮೊದಲ ಬಾರಿಗೆ ಗೆಳೆಯನನ್ನು ಕೂಗುವುದಿಲ್ಲ. ಹೊಡೆತ ತಿಂದು ಬೀಳುತ್ತಾನೆ, ಎದ್ದು ಮತ್ತೆ ಹಿಡಿಯುತ್ತಾನೆ, ಮತ್ತೆ ಬೀಳುತ್ತಾನೆ. ಕಡೆಗೆ ಬೇಸತ್ತು ಸೋಲೊಪ್ಪಿ ಹೊರಟುಹೋಗುವವನು ಜಿಯಾನ್. ಚೀಲದ ಯಾವ ಉಪಕರಣಕ್ಕೂ ಸಾಧ್ಯವಾಗದೆ ಹೋದುದನ್ನು ಆ ದುರ್ಬಲ ಹುಡುಗ, ಗೆಳೆಯ ನಿಶ್ಚಿಂತನಾಗಿ ಹೋಗಲೆಂಬ ಒಂದೇ ಉದ್ದೇಶದಿಂದ, ಬರಿಗೈಯಲ್ಲಿ ಸಾಧಿಸುತ್ತಾನೆ. ಸ್ವಾವಲಂಬನೆಯನ್ನು ಕುರಿತು ನೂರು ಉಪದೇಶಗಳು ಮಾಡದ ಕೆಲಸವನ್ನು ಈ ಕೆಲವು ಪುಟಗಳು ಮಾಡುತ್ತವೆ.

ಕೃತಿಯಲ್ಲಿ ದೋಷಗಳಿಲ್ಲವೆಂದು ನಾನು ವಾದಿಸುವವನಲ್ಲ. ಬಾಲಕಿಯಾದ ಶಿಝುಕಾಳಿಗೆ ಅವಳ ಬುದ್ಧಿಗೆ ತಕ್ಕ ಸ್ಥಾನ ದೊರೆತಿಲ್ಲ. ಅವಳ ಮರ್ಯಾದೆಗೆ ಕುಂದು ತರುವ ಸನ್ನಿವೇಶಗಳು ಅಲ್ಲಲ್ಲಿ ವಿನೋದದ ಹೆಸರಿನಲ್ಲಿ ನುಸುಳಿವೆ. ಜಿಯಾನನ ಹೊಡೆತಗಳು ನಿತ್ಯದ ನಗೆಯ ಸಾಮಗ್ರಿಯಾಗಿರುವುದೂ ಸರಿಯಲ್ಲ. ಗಂಟೆಗಟ್ಟಲೆ ಪರದೆಯ ಮುಂದೆ ಕುಳಿತ ಮಗುವಿಗೆ ಕಣ್ಣಿಗೂ ಮೈಗೂ ಆಗುವ ಹಾನಿ ಕಥೆಯ ಗುಣದಿಂದ ಪರಿಹಾರವಾಗತಕ್ಕದ್ದಲ್ಲ. ಇವೆಲ್ಲ ಹಿರಿಯರು ಪಕ್ಕದಲ್ಲಿದ್ದು ತಿಳಿಯಹೇಳಬೇಕಾದ, ಮಿತಿ ಹಾಕಬೇಕಾದ ವಿಷಯಗಳು. ಆದರೆ ರೇಷ್ಮೆಯ ನೂಲು ಬಿಚ್ಚುವ ಊರುಗಳಲ್ಲಿ ಒಂದು ಕಾಲಕ್ಕೆ ಮಕ್ಕಳ ಎಳೆಯ ಬೆರಳುಗಳೂ ಬಿಸಿನೀರಿನ ಬೇಸಿನ್ನಿನಲ್ಲಿ ಎಳೆ ಹುಡುಕಿ ಬಾಡಿದ್ದುವು ಎಂಬುದನ್ನು ಬಲ್ಲವರು, ಅಂತಹ ಊರಿನ ಮಗುವೊಂದು ಇಂದು ನಿಶ್ಚಿಂತೆಯಿಂದ ಕುಳಿತು ಕಥೆಯನ್ನು ನೋಡಿ ನಗುತ್ತಿರುವುದನ್ನು ಕಾಲಹರಣವೆಂದು ಸುಲಭವಾಗಿ ತಳ್ಳಿಹಾಕಲಾರರು. ಆ ವಿರಾಮ ಬಹುಕಷ್ಟದಿಂದ ದೊರೆತದ್ದು. ಅದನ್ನು ತುಂಬುವ ವಸ್ತು ಉತ್ತಮವಾದದ್ದಾಗಿರಬೇಕೆಂಬುದೇ ನಮ್ಮ ಕಾಳಜಿಯಾಗಬೇಕು.

ಇನ್ನು ಭಾಷೆಯ ವಿಷಯ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಬಹುಭಾಷೆಗಳ ನೆಲ. ಅನೇಕರಿಗೆ ಮನೆಮಾತು ತೆಲುಗು. ನೂಲು ಬಿಚ್ಚಾಣಿಕೆಯ ಕಸುಬಿನ ಹಲವು ಕುಟುಂಬಗಳಲ್ಲಿ ಉರ್ದು. ಶಾಲೆಯಲ್ಲಿ, ಕಚೇರಿಯಲ್ಲಿ, ಗೂಡಿನ ಮಾರುಕಟ್ಟೆಯ ಫಲಕಗಳಲ್ಲಿ ಕನ್ನಡ. ಚಿಂತಾಮಣಿ ಸೀಮೆಯ ಕೈವಾರದ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದವರು. ಇಲ್ಲಿ ಭಾಷೆಗಳು ಪರಸ್ಪರ ವೈರಿಗಳಾಗಿ ಎಂದೂ ಇದ್ದವಲ್ಲ. ಆದ್ದರಿಂದ ತೆಲುಗಿನ ಅಥವಾ ಹಿಂದಿಯ ಡೋರೆಮಾನನನ್ನು ದ್ವೇಷಿಸಬೇಕೆಂಬ ಮಾತು ನನ್ನದಲ್ಲ. ನನ್ನ ವ್ಯಥೆ ಬೇರೆಯದು: ಪಾಠಕ್ಕೆ ಕನ್ನಡ, ವಿಸ್ಮಯಕ್ಕೆ ಬೇರೆ ಭಾಷೆ ಎಂಬ ವಿಭಾಗ ಮಗುವಿನ ಮನಸ್ಸಿನಲ್ಲಿ ಅರಿವಿಲ್ಲದೆ ನಿಂತುಬಿಟ್ಟರೆ, ಕನ್ನಡವೆಂದರೆ ಪರೀಕ್ಷೆಯ, ಪ್ರಶ್ನೋತ್ತರದ, ದಂಡನೆಯ ಭಾಷೆಯೆಂದೂ ಕಾಲಯಂತ್ರ, ಅಂತರಿಕ್ಷ, ಭವಿಷ್ಯ ಇವುಗಳನ್ನು ಕುರಿತು ಮಾತನಾಡುವ ಯೋಗ್ಯತೆ ಅದಕ್ಕಿಲ್ಲವೆಂದೂ ಭಾವನೆ ಬೇರೂರುತ್ತದೆ. ಕಲ್ಪನೆಗೆ ಒದಗದ ಭಾಷೆ ಕ್ರಮೇಣ ಚಿಂತನೆಗೂ ಒದಗದೆಹೋದೀತು.

ಇದೇ ಆತಂಕ ಬಾಂಗ್ಲಾದೇಶವನ್ನೂ ಕಾಡಿತು. ಹಿಂದಿಯ ಡೋರೆಮಾನನನ್ನು ನೋಡುತ್ತ ಮಕ್ಕಳು ಮನೆಯಲ್ಲಿಯೂ ಹಿಂದಿಯಲ್ಲೇ ಮಾತನಾಡತೊಡಗಿದರೆಂದು 2013ರಲ್ಲಿ ಅಲ್ಲಿನ ಸರ್ಕಾರ ಆ ಪ್ರಸಾರವನ್ನು ನಿಷೇಧಿಸಿತು. ಆದರೆ ಸಮಸ್ಯೆಗೆ ನಿಜವಾದ ಉತ್ತರ ದೊರೆತದ್ದು ಆ ಬಳಿಕ ಡೋರೆಮಾನ್ ಬಂಗಾಳಿಯಲ್ಲೇ ಮಾತನಾಡಿದಾಗ. ನಿಷೇಧ ಮಗುವಿನಿಂದ ಗೆಳೆಯನನ್ನು ಕಸಿಯಿತು; ಭಾಷಾಂತರ ಆ ಗೆಳೆಯನನ್ನು ಮನೆಯವನನ್ನಾಗಿ ಮಾಡಿತು. ಕರ್ನಾಟಕದಲ್ಲಾದರೊ ಇಂತಹ ಭಾಷಾಂತರಕ್ಕೆ ಅಡ್ಡಬಂದದ್ದು 1960ರ ದಶಕದಿಂದ ಬೇರೂರಿದ್ದ ಡಬ್ಬಿಂಗ್ ವಿರೋಧ. ಅದಕ್ಕೆ ತನ್ನದೇ ಆದ ಕಾರಣಗಳಿದ್ದುವು. ಆಗಿನ್ನೂ ಕಾಲೂರುತ್ತಿದ್ದ ಕನ್ನಡ ಚಿತ್ರರಂಗದ ಕಲಾವಿದರಿಗೂ ಕೆಲಸಗಾರರಿಗೂ ಅನ್ನ ದೊರಕಬೇಕೆಂಬ ಸದುದ್ದೇಶವನ್ನು ಅಲ್ಲಗಳೆಯಲಾಗದು. ಆದರೆ ಅದರ ಭಾರ ಬಿದ್ದದ್ದು, ಯಾವ ಚಿತ್ರರಂಗದ ಪ್ರತಿಸ್ಪರ್ಧಿಯೂ ಆಗಿರದ ಮಕ್ಕಳ ಮೇಲೆಯೂ ಹೌದು. 2009ರಲ್ಲಿ ಚಿಂಟು ಟಿವಿ ಆರಂಭವಾಗುವ ವರೆಗೆ ಕನ್ನಡದ ಮಕ್ಕಳಿಗೆಂದೇ ಮೀಸಲಾದ ವಾಹಿನಿ ಇರಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತ ಮೇಲಂತೂ ಹಿಂಜರಿಯುವುದಕ್ಕೆ ಕಾರಣ ಉಳಿದಿಲ್ಲ.

ಮಕ್ಕಳ ವಿಸ್ಮಯಕ್ಕೆ ಒದಗುವ ಸಾಮರ್ಥ್ಯ ಕನ್ನಡಕ್ಕಿಲ್ಲವೆಂದು ಯಾರೂ ಹೇಳಲಾಗದು. ಶಿವರಾಮ ಕಾರಂತರು 1936ರಲ್ಲಿಯೇ 'ಬಾಲಪ್ರಪಂಚ'ದ ಸಂಪುಟಗಳನ್ನು ಹೊರತಂದರು. ಆ ಬಳಿಕ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಕೊಟ್ಟರು. ಭಾರತದ ಮಕ್ಕಳೆಲ್ಲ ಬಲ್ಲ 'ಅಮರ ಚಿತ್ರಕಥೆ' ಮೊಟ್ಟಮೊದಲು ಕಾಣಿಸಿಕೊಂಡದ್ದು ಇಂಗ್ಲಿಷಿನಲ್ಲಲ್ಲ. 1965ರಲ್ಲಿ ಬೆಂಗಳೂರಿನ ಪುಸ್ತಕವ್ಯಾಪಾರಿ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ, ಪಶ್ಚಿಮದ ಕಿನ್ನರಕಥೆಗಳ ಕನ್ನಡ ರೂಪವಾಗಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಿಕ ದಶಕಗಳ ಕಾಲ ಶಾಲೆಗಳನ್ನು ತಲುಪಿದೆ. ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಥೆಯನ್ನು ಕನ್ನಡದಲ್ಲಿ ನೆಲೆಗೊಳಿಸಲು ಶ್ರಮಿಸಿದರು. ನಮ್ಮ ಜಿಲ್ಲೆಯವರೇ ಆದ, ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿರೆಂದು ಒಂದು ಪೀಳಿಗೆಗೇ ಕಲಿಸಿದರು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಕೊರತೆಯಾಗಿರುವುದು ಸಾತತ್ಯ. ಆ ಜಪಾನೀ ಪತ್ರಿಕೆಗಳು ತಿಂಗಳು ತಿಂಗಳೂ, ತರಗತಿ ತರಗತಿಗೂ ನಿಲ್ಲದೆ ಕೈಗೊಂಡ ಕಾರ್ಯವನ್ನು ನಾವು ಒಬ್ಬೊಬ್ಬ ಮಹನೀಯರ ಏಕಾಕಿ ಸಾಹಸಕ್ಕೆ ಬಿಟ್ಟು, ಅವರು ದಣಿದಾಗ ಕೈಕಟ್ಟಿ ಕುಳಿತೆವು.

ಜಪಾನಿನಿಂದ ಕಲಿಯುವುದು ಈ ಸೀಮೆಗೆ ಹೊಸದೇನಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ, ಅಲ್ಲಿನ ಕೈಗಾರಿಕೆಯನ್ನೂ ಶಿಕ್ಷಣವನ್ನೂ ಕಣ್ಣಾರೆ ಕಂಡು ಬಂದರು. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ಅದನ್ನು ನಡೆಸಲು ಕರೆಸಿದ್ದು ಜಪಾನೀ ತಜ್ಞರನ್ನು. ಮೆಂಡೆಲನ ಆನುವಂಶಿಕ ನಿಯಮ ರೇಷ್ಮೆಹುಳುವಿಗೂ ಅನ್ವಯಿಸುತ್ತದೆಂದು 1906ರಲ್ಲಿ ತೋರಿಸಿ, ಬೆರಕೆ ತಳಿಯ ಉಪಯೋಗವನ್ನು ಸೂಚಿಸಿದವನು ತೊಯಾಮಾ ಕಾಮೆತಾರೊ ಎಂಬ ಜಪಾನೀ ವಿಜ್ಞಾನಿ. 1991ರಿಂದ 2007ರ ವರೆಗೆ ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆ ನಮ್ಮ ಕೇಂದ್ರ ರೇಷ್ಮೆ ಮಂಡಳಿಯೊಡನೆ ಕೂಡಿ ದ್ವಿತಳಿ ರೇಷ್ಮೆಹುಳುವಿನ ಕೃಷಿಯನ್ನು ಪ್ರಚುರಪಡಿಸಿತು. ಮೈಸೂರಿನ ಸಂಶೋಧನಾಲಯದಿಂದ ಹೊರಬಂದ ಸಿ.ಎಸ್.ಆರ್. ಎಂಬ ದ್ವಿತಳಿಗಳು ಹಳ್ಳಿಹಳ್ಳಿಗೆ ಮುಟ್ಟಿದುವು. ಹಾಗೆಂದು ನಮ್ಮ ರೈತ ಹಳೆಯ ಮೈಸೂರು ತಳಿಯನ್ನು ಎಸೆದನೆ? ಇಲ್ಲ. ಈ ನೆಲದ ಬಿಸಿಲಿಗೂ ರೋಗಕ್ಕೂ ಒಗ್ಗಿದ ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿಯ ಗೂಡೇ ಶಿಡ್ಲಘಟ್ಟದ ಹರಾಜುಕಟ್ಟೆಗೆ ಇಂದಿಗೂ ಬಹುವಾಗಿ ಬರುತ್ತಿದೆ. ಕಥೆಯ ವಿಷಯದಲ್ಲಿಯೂ ನಾವು ಅನುಸರಿಸತಕ್ಕ ಮಾರ್ಗ ಇದೇ: ಹೊರಗಿನಿಂದ ಉತ್ತಮವಾದುದನ್ನು ಸಂಕೋಚವಿಲ್ಲದೆ ತರಬೇಕು, ತಂದುದನ್ನು ನಮ್ಮ ನೆಲದ ಸತ್ವದೊಡನೆ ಕೂಡಿಸಿ ನಮ್ಮದಾದ ಒಂದು ಹೊಸ ತಳಿಯನ್ನು ಬೆಳೆಸಬೇಕು.

ಹೀಗೆ ಬೆಳೆಸುವುದಕ್ಕೆ ವಸ್ತುವಿನ ಅಭಾವವೇನೂ ಇಲ್ಲ. ಪೊರೆ ಬಿಡುವ ನಾಲ್ಕು ಜ್ವರಗಳನ್ನು ದಾಟಿ, ಸುಮಾರು ಇಪ್ಪತ್ತೈದು ದಿನಗಳಲ್ಲಿ ತನ್ನ ತೂಕವನ್ನು ಹತ್ತುಸಾವಿರ ಪಟ್ಟಿನಷ್ಟು ಹೆಚ್ಚಿಸಿಕೊಂಡು, ಹಣ್ಣಾಗಿ ಚಂದ್ರಂಕಿಯೆಂಬ ಗೂಡುಕಟ್ಟುವ ತಟ್ಟಿಗೆ ಏರಿ ನೂಲು ಸುತ್ತುವ ಹುಳುವನ್ನು ನಮ್ಮ ಮಕ್ಕಳು ಮನೆಯಲ್ಲಿಯೇ ನೋಡಿ ಬೆಳೆಯುತ್ತಾರೆ. ಜೀವಿಗಳು ವಾಸನೆಯ ಮೂಲಕ ಪರಸ್ಪರ ಸಂದೇಶ ಕಳುಹಿಸುವ ಫೆರೊಮೋನ್ ಎಂಬ ದ್ರವ್ಯವನ್ನು 1959ರಲ್ಲಿ ಜರ್ಮನಿಯ ಬುಟೆನಾಂಟ್ ಮೊದಲು ಬೇರ್ಪಡಿಸಿದ್ದು ಇದೇ ರೇಷ್ಮೆಯ ಪತಂಗದಿಂದ. ಅದಕ್ಕಾಗಿ ಅವನಿಗೆ ಬೇಕಾದ ಪತಂಗಗಳು ಸುಮಾರು ಐದು ಲಕ್ಷ. ಹುಳುಮನೆಯ ತಟ್ಟೆಗಳ ನಡುವೆ ಓಡಾಡುವ ಹುಡುಗಿಯೊಬ್ಬಳು, ಮೈಯನ್ನು ಕುಗ್ಗಿಸುವ ದೀಪವೊಂದರ ಬೆಳಕಿಗೆ ಅಂಗುಲದಷ್ಟಾಗಿ ಗೂಡಿನೊಳಗೆ ಹೊಕ್ಕು, ಸಾವಿರ ಮೀಟರು ನೂಲು ಹೇಗೆ ತುಂಡಾಗದೆ ಬರುತ್ತದೆಂದು ಒಳಗಿನಿಂದ ಕಾಣುವ ಕಥೆಯನ್ನು ಕನ್ನಡದಲ್ಲಿ ಯಾರು ಬರೆಯುವರು? ಅವಳು ಶಿಝುಕಾಳಂತೆ ಹಿಂದೆ ನಿಲ್ಲದೆ ತಾನೇ ಕಥೆಯ ನಾಯಕಿಯಾದರೆ ಜಪಾನಿನ ಕರ್ತೃವೂ ಮುಟ್ಟದ ಎತ್ತರವನ್ನು ನಮ್ಮ ಕಥೆ ಮುಟ್ಟೀತು.

ಆದ್ದರಿಂದ ಮೂರು ಕಾರ್ಯಗಳನ್ನು ನಾಡಿನ ಮುಂದಿಡುತ್ತೇನೆ. ಮೊದಲನೆಯದು, ಡೋರೆಮಾನ್‌ನಂತಹ ಉತ್ತಮ ಸರಣಿಗಳನ್ನು ಹಕ್ಕು ಪಡೆದು, ಒಳ್ಳೆಯ ಬರಹಗಾರರಿಂದ ಸಂಭಾಷಣೆ ಬರೆಯಿಸಿ, ಚಂದನ ವಾಹಿನಿಯಲ್ಲಿ ಮಕ್ಕಳು ಮನೆಗೆ ಬರುವ ಹೊತ್ತಿಗೆ ಕನ್ನಡದಲ್ಲಿ ಪ್ರಸಾರ ಮಾಡುವುದು. ಅದರ ಮಾತು ಪಠ್ಯದ ಕನ್ನಡವಾಗಿರದೆ ಮಕ್ಕಳಾಡುವ ಕನ್ನಡವಾಗಿರಬೇಕು. ಎರಡನೆಯದು, ಮೂಲದ ಚಿತ್ರಕಥೆಯ ಸಂಪುಟಗಳನ್ನು ಕನ್ನಡಕ್ಕೆ ತಂದು, ಈಗ ಅರಿವು ಕೇಂದ್ರಗಳೆಂದು ಕರೆಯಲಾಗುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಒದಗಿಸುವುದು. ಪರದೆಯ ಮೇಲೆ ಓಡುವ ಚಿತ್ರಕ್ಕಿಂತ ಪುಟದ ಮೇಲೆ ನಿಂತ ಚಿತ್ರ ಮಗುವಿಗೆ ಯೋಚಿಸಲು ಬಿಡುವು ಕೊಡುತ್ತದೆ. ಮೂರನೆಯದು, ಇವೆರಡಕ್ಕಿಂತ ಮುಖ್ಯವಾದದ್ದು: ಕನ್ನಡ ಪುಸ್ತಕ ಪ್ರಾಧಿಕಾರವೂ ವಿಜ್ಞಾನ ಪರಿಷತ್ತೂ ಕೂಡಿ, ಚಿತ್ರಕಾರರಿಗೂ ಕಥೆಗಾರರಿಗೂ ವರ್ಷವರ್ಷವೂ ತಪ್ಪದ ಸಂಭಾವನೆಯನ್ನು ಗೊತ್ತುಮಾಡಿ, ತರಗತಿಗೊಂದರಂತೆ ವೈಜ್ಞಾನಿಕ ಚಿತ್ರಕಥೆಯ ಮಾಸಿಕಗಳನ್ನು ಹೊರಡಿಸುವುದು.

ಮೊದಲ ಸರಣಿ ಆರು ತಿಂಗಳಲ್ಲಿ ನಿಂತಾಗ ಜಪಾನೀಯರು ಕಥೆಯನ್ನು ಕೈಬಿಡಲಿಲ್ಲ. ಪತ್ರಿಕೆಗಳಲ್ಲಿ ಬರೆಯುತ್ತಲೇ ಹೋದರು, ಆರು ವರ್ಷಗಳ ಬಳಿಕ ಮತ್ತೆ ಪರದೆಗೆ ತಂದರು, ಲೋಕವನ್ನೇ ಗೆದ್ದರು. ನಮ್ಮ ಪ್ರಯತ್ನವೂ ಮೊದಲ ವರ್ಷ ಸೋಲಬಹುದು, ಎರಡನೆಯ ವರ್ಷವೂ ಸೋಲಬಹುದು. ಲಾಭನಷ್ಟದ ಲೆಕ್ಕ ಹಾಕುವವರು ಆಗ ನಿಲ್ಲಿಸಿರೆಂದು ಹೇಳಿಯೇ ಹೇಳುತ್ತಾರೆ. ಅಂದು ಅವರ ಮಾತಿಗೆ ಕಿವಿಗೊಡದೆ ಮುಂದುವರಿಯುವಷ್ಟು ಹಣವನ್ನೂ ಹಟವನ್ನೂ ಇಂದೇ ತೆಗೆದಿಡುವುದು ಸರ್ಕಾರದ, ಪ್ರಕಾಶಕರ, ಮಕ್ಕಳನ್ನು ಹೆತ್ತ ನಮ್ಮೆಲ್ಲರ ಕರ್ತವ್ಯ.